ಸಂತಾನಗಳು ಏಳು

ಮಕ್ಕಳಿಲ್ಲದವರಿಗೆ ಸದ್ಗತಿಯಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ‘ಪುತ್’ ಎಂಬ ನರಕದಿಂದ ಪಾರುಮಾಡುವವನೇ ಪುತ್ರ ಎಂದು ಶಾಸ್ತ್ರಕಾರರು ಆ ಪದವನ್ನೇ ಹಾಗೆ ಬಿಡಿಸಿದರು. ಈ ನಂಬಿಕೆಯ ಭಾರ ಹೆಚ್ಚಾಗಿ ಬಿದ್ದದ್ದು ಹೆಣ್ಣಿನ ಮೇಲೆ. ‘ಬಂಜೆ’ ಎಂಬ ಒಂದು ಪದ ಆಕೆಯನ್ನು ಸೀಮಂತ, ನಾಮಕರಣಗಳ ಮನೆಯಿಂದ ದೂರ ನಿಲ್ಲಿಸಲು ಸಾಕಾಗುತ್ತಿತ್ತು. ಆದರೆ ಇದೇ ಪರಂಪರೆಯೊಳಗೆ ಇನ್ನೊಂದು ಎಣಿಕೆಯೂ ಇದೆ.

ಅದು ಸಪ್ತಸಂತಾನದ ಎಣಿಕೆ. ಕೆರೆ, ತೋಪು, ದೇವಾಲಯ, ಅಗ್ರಹಾರ, ನಿಧಿ, ಕೃತಿ, ಮಗ ಎಂಬ ಏಳನ್ನೂ ಸಂತಾನವೆಂದೇ ಕರೆಯುವುದು ಮಧ್ಯಕಾಲದ ತೆಲುಗು, ಕನ್ನಡ ನಾಡುಗಳಲ್ಲಿ ರೂಢಿಯಲ್ಲಿತ್ತು. ‘ಸಂತಾನ’ ಪದದ ಮೂಲ ಅರ್ಥ ಹರಡಿಕೊಂಡು ಹೋಗುವುದು, ಎಡೆಬಿಡದೆ ಮುಂದುವರಿಯುವುದು. ಒಬ್ಬನ ಆಯುಸ್ಸಿನಾಚೆಗೂ ಸಾಗುವುದೆಲ್ಲ ಅವನ ಸಂತಾನವೇ. ಏಳರಲ್ಲಿ ಆರಕ್ಕೆ ರಕ್ತಸಂಬಂಧದ ಅಗತ್ಯವಿಲ್ಲವೆಂಬುದು ಗಮನಿಸಬೇಕಾದ ಸಂಗತಿ.

ಕೆರೆ ಕಟ್ಟಿಸಲು, ಗುಡಿ ಎತ್ತಿಸಲು ಹಣ ಬೇಕು. ಆದ್ದರಿಂದ ಇದು ಅರಸರು, ಮಂತ್ರಿಗಳು, ಸೆಟ್ಟರು ಮೊದಲಾದವರಿಗೆ ಮಾತ್ರ ದಕ್ಕುವ ಸಂತಾನವಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರ ಮಾಗಡಿ ತಾಲ್ಲೂಕಿನ ಹುಲಿಕಲ್‌ನಲ್ಲಿದೆ. ಅಲ್ಲಿನ ಕೂಲಿಕಾರ ದಂಪತಿ ತಿಮ್ಮಕ್ಕ ಮತ್ತು ಚಿಕ್ಕಯ್ಯನವರಿಗೆ ಮಕ್ಕಳಾಗಲಿಲ್ಲ. ಅವರು ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟರು. ದನಕರು ಮೇಯದಂತೆ ಮುಳ್ಳು ಕಟ್ಟಿದರು. ದೂರದಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು. ಹೀಗೆ ಬೆಳೆದ ಮರಗಳು 385 ಎಂದು ಲೆಕ್ಕ. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನಿಗೆ ಲೋಕವೇ ‘ಸಾಲುಮರದ’ ಎಂಬ ಮನೆತನದ ಹೆಸರು ಕೊಟ್ಟಿತು. 2019ರಲ್ಲಿ ಪದ್ಮಶ್ರೀ ಬಂತು. ಮುಂದೆ ಒಬ್ಬ ದತ್ತುಮಗನನ್ನೂ ಪಡೆದಿದ್ದ ಅವರು 2025ರ ನವೆಂಬರ್ 14ರಂದು ತೀರಿಕೊಂಡರು.

ಇಷ್ಟಕ್ಕೆ ಕಥೆ ಮುಗಿಯುವುದಿಲ್ಲ. 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆಯಿಂದ ಇದೇ ಮರಗಳಿಗೆ ಕುತ್ತು ಬಂದಾಗ ಆ ವೃದ್ಧೆಯೇ ಸರ್ಕಾರದ ಮುಂದೆ ಮೊರೆಯಿಡಬೇಕಾಯಿತು. ಹೆತ್ತ ಮಗ ದೊಡ್ಡವನಾದ ಮೇಲೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತಾನೆ. ಮರಕ್ಕೆ, ಕೆರೆಗೆ, ಪುಸ್ತಕಕ್ಕೆ ಆ ಶಕ್ತಿಯಿಲ್ಲ. ನೆಟ್ಟವರು ಹೋದ ಮೇಲೆ ಅವನ್ನು ಕಾಯಬೇಕಾದವರು ಅವರಿಗೆ ಏನೂ ಆಗದವರು.

ಹಿಂದಿನವರಿಗೆ ಇದು ಚೆನ್ನಾಗಿ ತಿಳಿದಿತ್ತು. ಅವರು ಕೆರೆ ಕಟ್ಟಿ ಸುಮ್ಮನಾಗಲಿಲ್ಲ. ಅದರ ರಕ್ಷಣೆಗೆಂದೇ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಎಂಬ ಹೆಸರಿನಲ್ಲಿ ಭೂಮಿ ಬಿಟ್ಟರು. ಏರಿ ಭದ್ರಪಡಿಸಲು, ಹೂಳು ಹೊರುವ ಬಂಡಿಗಳಿಗೆ ಅದರ ಆದಾಯ ಸಲ್ಲುತ್ತಿತ್ತು. ಶಾಸನದ ಕೊನೆಯಲ್ಲಿ, ದಾನ ಮಾಡುವುದಕ್ಕಿಂತ ಇನ್ನೊಬ್ಬರು ಮಾಡಿದ ದಾನವನ್ನು ಕಾಪಾಡುವುದೇ ದೊಡ್ಡದು ಎಂದು ಬರೆಸಿದರು. ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂಬ ಶಾಪವನ್ನೂ ಸೇರಿಸಿದರು. ಶಾಸನ ಮಾತನಾಡುವುದು ಮೊಮ್ಮಕ್ಕಳೊಂದಿಗಲ್ಲ, ಮುಂದೆ ಬರುವ ಅಪರಿಚಿತರೊಂದಿಗೆ.

ಇಂದು ಶಾಪಕ್ಕೆ ಹೆದರುವವರಿಲ್ಲ. ಅದರ ಜಾಗಕ್ಕೆ ಕಾಗದಪತ್ರ ಬಂದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಗಂಡನೂ ಮಕ್ಕಳೂ ಇಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಆಕೆಯ ಸ್ವಂತ ಗಳಿಕೆ ಮೊದಲು ಗಂಡನ ವಾರಸುದಾರರಿಗೆ ಸೇರುತ್ತದೆ. ಆಕೆ ಅಕ್ಷರ ಕಲಿಸಿದ ಹುಡುಗಿಗಾಗಲಿ, ಪ್ರೀತಿಸಿದ ಗ್ರಂಥಾಲಯಕ್ಕಾಗಲಿ ಅದರಲ್ಲಿ ಪಾಲಿಲ್ಲ. ಮನಸ್ಸಿನಲ್ಲಿದ್ದುದು ನಡೆಯಬೇಕಾದರೆ ಬದುಕಿರುವಾಗಲೇ ಉಯಿಲು ಬರೆಯಬೇಕು. ಇಲ್ಲವೇ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಅನೇಕರು ಮಾಡಿರುವಂತೆ ಒಂದು ದತ್ತಿ ಇಡಬೇಕು. ಅಸಲು ಉಳಿದು, ಬಡ್ಡಿಯಲ್ಲಿ ವರ್ಷ ವರ್ಷ ಕೆಲಸ ನಡೆಯುತ್ತದೆ.

ದತ್ತು, ದತ್ತಿ ಎರಡೂ ‘ದತ್ತ’ ಎಂಬ ಒಂದೇ ಮೂಲದಿಂದ ಬಂದ ಪದಗಳು, ಅರ್ಥ, ಕೊಟ್ಟದ್ದು. ಕೊಡುವವರು ಮಕ್ಕಳಿಲ್ಲದವರಾಗಿರಬಹುದು. ಅವರು ಕೊಟ್ಟದ್ದು ಅನಾಥವಾಗದಂತೆ ನೋಡಿಕೊಳ್ಳುವುದು ಮಾತ್ರ ಉಳಿದ ನಮ್ಮೆಲ್ಲರ ಪಾಲಿನ ಕೆಲಸ. ಕುದೂರಿನ ರಸ್ತೆಯ ನೆರಳಲ್ಲಿ ಸಾಗುವ ಪ್ರತಿಯೊಬ್ಬರೂ ತಿಮ್ಮಕ್ಕನ ವಾರಸುದಾರರೇ.