ಮಲೆನಾಡಿನ ಹಿತ್ತಿಲಲ್ಲಿ ಯವನರ ಊಟ

ಅಡಕೆಯ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿ, ತೋಟದ ಕಪ್ಪಿನ (ಬಸಿಗಾಲುವೆಯ) ಬದಿಯಲ್ಲಿ ಕೆಸು ತಾನಾಗಿಯೇ ಬೆಳೆದು, ಮಳೆಗಾಲದುದ್ದಕ್ಕೂ ಹಸುರಿನ ಕೊರತೆಯನ್ನರಿಯದ ಶೆಟ್ಟಿಕೊಪ್ಪದಂಥ ಊರಿನಲ್ಲಿ ಗ್ರೀಕರ ಊಟವನ್ನು ಅಣಿಮಾಡಬೇಕಾದರೆ, ಪಟ್ಟಣದಿಂದ ಆಲಿವ್ ಎಣ್ಣೆಯ ಸೀಸೆಯನ್ನೂ ದ್ರಾಕ್ಷಿಯೆಲೆಯ ಡಬ್ಬಿಯನ್ನೂ ತರಿಸಿದ ಹೊರತು ಆಗದೆಂದು ಹಲವರು ಭಾವಿಸುವುದುಂಟು. ನನ್ನ ಅಭಿಪ್ರಾಯ ಬೇರೆ. ನಿಂಬೆಯ ಹುಳಿ, ಗಟ್ಟಿ ಮೊಸರು, ಆಯಾ ಋತುವಿನ ಸೊಪ್ಪು, ಒಳ್ಳೆಯ ಎಣ್ಣೆ, ಇವುಗಳ ಹಿತಮಿತವಾದ ಸಂಯೋಗದಲ್ಲಿಯೇ ಆ ದೇಶದ ಹಳ್ಳಿಯಡುಗೆಯ ಜೀವವಿದೆ. ಅದಕ್ಕೆ ಬೇಕಾದ ಕೈಚಳಕವಾದರೋ ಪತ್ರೊಡೆ ಮಾಡಬಲ್ಲ ನಮ್ಮ ಗೃಹಿಣಿಯರಿಗೆ ಎಂದೋ ಕರಗತವಾಗಿದೆ.

ಯವನರ ಪರಿಚಯವೂ ನಮಗೆ ಹೊಸದಲ್ಲ. ಕ್ರಿಸ್ತಶಕ 1ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿಯು ನಮ್ಮ ಪಶ್ಚಿಮ ಕರಾವಳಿಯಿಂದ ಕರಿಮೆಣಸು ಹೇರಳವಾಗಿ ಹಡಗೇರುತ್ತಿದ್ದುದನ್ನು ಹೇಳುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ, ಸೆರೆಯಾಳಾದ ತರುಣಿಯನ್ನು ಬಿಡಿಸಿಕೊಳ್ಳಲು ಬಂದವರು ಭಾರತದ ಅರಸನಿಗೂ ಅವನ ಪರಿವಾರಕ್ಕೂ ಮದ್ಯವನ್ನು ಕುಡಿಸಿ ಪಾರಾಗುತ್ತಾರೆ. ಆ ಪಾನಗೋಷ್ಠಿಯ ಅನ್ಯಭಾಷೆಯ ಮಾತುಗಳು ಕನ್ನಡವೆಂದು ವಾದಿಸಿದ ವಿದ್ವಾಂಸರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಆ ವಾದವನ್ನು ಒಪ್ಪದವರೂ ಇದ್ದಾರೆ.

ಊಟದ ಸಿದ್ಧತೆ ಹಿಂದಿನ ರಾತ್ರಿಯೇ ಆರಂಭವಾಗಬೇಕು. ಒಂದು ಲೀಟರಿನಷ್ಟು ಹುಳಿಯೇರದ ಮೊಸರನ್ನು ತೆಳುವಾದ ಶುಭ್ರ ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿದರೆ, ಬೆಳಗಾಗುವ ಹೊತ್ತಿಗೆ ನೀರೆಲ್ಲ ಇಳಿದು ಬೆಣ್ಣೆಯಂತೆ ನುಣುಪಾದ ಮುದ್ದೆ ಉಳಿದಿರುತ್ತದೆ. (ಇಳಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು.) ಮುಳ್ಳುಸೌತೆಯನ್ನು ತುರಿದು, ಉಪ್ಪು ಬೆರಸಿ, ಸ್ವಲ್ಪ ಹೊತ್ತಿನ ಮೇಲೆ ಮುಷ್ಟಿಯಲ್ಲಿ ಬಲವಾಗಿ ಹಿಂಡಿ ತೆಗೆಯಬೇಕು, ಇದನ್ನು ಉಪೇಕ್ಷಿಸಿದರೆ ಎಲ್ಲವೂ ನೀರಾಗಿ ನಮ್ಮ ಮೊಸರುಬಜ್ಜಿಗೂ ಅದಕ್ಕೂ ಭೇದವೇ ಉಳಿಯದು. ಉಪ್ಪಿನೊಡನೆ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಒಂದು ಚಮಚ ಎಣ್ಣೆ ಇವನ್ನು ಮೊಸರಿಗೆ ಕೂಡಿಸಿದರೆ ಗ್ರೀಕರು ‘ತ್ಸಾತ್ಸೀಕಿ’ ಎಂದು ಕರೆಯುವ ವ್ಯಂಜನ ಸಿದ್ಧ. ನಾವು ವಡೆಗೂ ರೊಟ್ಟಿಗೂ ಹಾಕುವ ಸಬ್ಬಸಿಗೆಯನ್ನೇ ಅವರೂ ಇದಕ್ಕೆ ಬಳಸುತ್ತಾರೆಂಬುದು ನನಗೆ ಬಹಳ ಸಂತೋಷವನ್ನು ಕೊಟ್ಟ ಸಂಗತಿ.

ಆದರೆ ಈ ಊಟದ ಪ್ರಧಾನ ಭಕ್ಷ್ಯವೆಂದರೆ ಅಕ್ಕಿಯನ್ನು ದ್ರಾಕ್ಷಿಯೆಲೆಯಲ್ಲಿ ಸುತ್ತಿ ಬೇಯಿಸುವ ‘ದೊಲ್ಮಾದೆಸ್’. ನಮಗೆ ಅದರ ಸ್ಥಾನದಲ್ಲಿ ಪತ್ರೊಡೆಯ ಕೆಸುವೇ ಸಲ್ಲುತ್ತದೆ. ಎಳೆಯ ಎಲೆಗಳನ್ನಾರಿಸಿ, ಬೆನ್ನಿನ ದಪ್ಪ ನರವನ್ನು ಚಾಕುವಿನಿಂದ ಹೆರೆದು, ಹುಣಿಸೆಹುಳಿ ಕದಡಿದ ಬಿಸಿನೀರಿನಲ್ಲಿ ಬಾಡಿಸಿಕೊಳ್ಳಬೇಕು. ನೆನೆದ ಸಣ್ಣಕ್ಕಿಗೆ ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಪುದೀನ, ಸಬ್ಬಸಿಗೆ, ಉಪ್ಪು, ಮನೆಯ ಬಳ್ಳಿಯದೇ ಆದ ಕರಿಮೆಣಸಿನ ತರಿ ಇವನ್ನು ಬೆರಸಿ, ಎಲೆಯ ಮೇಲೆ ಒಂದು ಚಮಚದಷ್ಟಿಟ್ಟು, ಅಂಚುಗಳನ್ನು ಒಳಕ್ಕೆ ಮಡಿಸಿ, ಬೆರಳುದ್ದಕ್ಕೆ ಸುರುಳಿ ಸುತ್ತಬೇಕು. ಪತ್ರೊಡೆಯ ಅಭ್ಯಾಸದಿಂದ ಕೈ ಬಿಗಿಯಾಗಿ ಸುತ್ತಲೆಳಸುತ್ತದೆ. ಇಲ್ಲಿ ಅದು ಕೂಡದು, ಅಕ್ಕಿ ಅರಳಿದಾಗ ಎಲೆ ಬಿರಿದೀತು. ಸುರುಳಿಗಳನ್ನು ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಮುಳುಗುವಷ್ಟು ನೀರನ್ನೂ ಎರಡು ನಿಂಬೆಹಣ್ಣಿನ ರಸವನ್ನೂ ಎರೆದು, ಕದಲದಂತೆ ಮೇಲೊಂದು ತಟ್ಟೆಯನ್ನು ಕವುಚಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಕೆಸುವಿನ ತುರಿಕೆಯನ್ನು ಹುಳಿಯೂ ದೀರ್ಘ ಪಾಕವೂ ಕೂಡಿ ಶಮನಗೊಳಿಸುತ್ತವೆಂಬುದನ್ನು ಬಲ್ಲವರು ಇಲ್ಲಿ ಆತುರಪಡಲಾರರು. ಆರಿದ ಮೇಲೆ ರುಚಿ ಹೆಚ್ಚು.

ಜೊತೆಗೆ, ಗ್ರೀಕರು ಬೆಟ್ಟದ ಸೊಪ್ಪನ್ನು ಬರಿದೆ ಬೇಯಿಸಿ ಎಣ್ಣೆಯನ್ನೂ ನಿಂಬೆರಸವನ್ನೂ ಎರೆದು ತಿನ್ನುವಂತೆ, ಹರಿವೆಯನ್ನೋ ಹೊನಗೊನೆಯನ್ನೋ ಬಡಿಸಬಹುದು. ಆಲಿವಿನ ಪರಿಮಳ ಬೇರೆ ಯಾವ ಎಣ್ಣೆಗೂ ಬಾರದೆಂಬುದು ನಿಜ. ಕೊಬ್ಬರಿ ಎಣ್ಣೆ ಇಲ್ಲಿ ತನ್ನ ವಾಸನೆಯನ್ನೇ ಮುಂದುಮಾಡುವುದರಿಂದ, ಗಾಣದ ಎಳ್ಳೆಣ್ಣೆಯೇ ಮೇಲೆಂದು ನನಗೆ ತೋರುತ್ತದೆ. ಕೊನೆಗೆ, ಬೆಳ್ಳುಳ್ಳಿ ಸೋಂಕದಂತೆ ಮೊದಲೇ ತೆಗೆದಿರಿಸಿದ ಗಟ್ಟಿ ಮೊಸರಿನ ಮೇಲೆ ಕಾಡುಜೇನನ್ನು ಸುರಿದು, ಅವರ ಅಕ್ರೋಟಿನ ಬದಲಿಗೆ ಹುರಿದ ಗೋಡಂಬಿಯನ್ನು ಉದುರಿಸಿ ಕೊಡತಕ್ಕದ್ದು.