ಸೇಂಟ್ ಜೆನೆವೀವ್‌ನ ಐತಿಹಾಸಿಕ ಕಟ್ಟಡಗಳು

ಸೇಂಟ್ ಜೆನೆವೀವ್ ಅಮೇರಿಕ ಸಂಯುಕ್ತ ಸಂಸ್ಥಾನದ ಮಿಸೌರಿ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಗೆ ಸಮೀಪವಿರುವ ಒಂದು ಸಣ್ಣ ಪಟ್ಟಣ. 18ನೆಯ ಶತಮಾನದ ಮಧ್ಯಭಾಗದಲ್ಲಿ ಫ್ರೆಂಚ್ ವಲಸಿಗರು ನೆಲೆಗೊಳಿಸಿದ ಈ ಊರು ಮಿಸೌರಿಯ ಮೊದಲ ಶಾಶ್ವತ ಐರೋಪ್ಯ ವಸಾಹತು. ಮರದ ಕಂಬಗಳನ್ನು ಒತ್ತಾಗಿ ನಿಲ್ಲಿಸಿ ಕಟ್ಟಿದ ಮನೆಗಳಿಗಾಗಿ ಇದು ಪ್ರಸಿದ್ಧವಾಗಿದೆ.

ನದಿ ಮತ್ತು ಸ್ಥಳಾಂತರ

ಮೂಲ ಊರು ಈಗಿನ ಸ್ಥಳದ ದಕ್ಷಿಣಕ್ಕೆ, ನದಿಯಂಚಿನ ತಗ್ಗು ಬಯಲಿನಲ್ಲಿತ್ತು. ಮೆಕ್ಕಲು ಮಣ್ಣಿನಲ್ಲಿ ಗೋಧಿ ಚೆನ್ನಾಗಿ ಬೆಳೆಯುತ್ತಿತ್ತು. ಸಮೀಪದ ಉಪ್ಪುನೀರಿನ ಬುಗ್ಗೆಗಳಿಂದ ಉಪ್ಪು, ಒಳನಾಡಿನ ಗಣಿಗಳಿಂದ ಸೀಸ ದೊರೆಯುತ್ತಿದ್ದವು. ಈ ಸಮೃದ್ಧಿಯಲ್ಲಿ ಗುಲಾಮರಾಗಿದ್ದ ಆಫ್ರಿಕನ್ ಮೂಲದವರ ದುಡಿಮೆಯ ಪಾಲು ದೊಡ್ಡದು. 1785ರ ಮಹಾಪ್ರವಾಹ ಈ ಊರನ್ನು ಮುಳುಗಿಸಿತು. ಮುಂದಿನ ವರ್ಷಗಳಲ್ಲಿ ಜನರು ಎತ್ತರದ ನೆಲಕ್ಕೆ ಬಂದು ಹೊಸದಾಗಿ ಮನೆ ಕಟ್ಟಿಕೊಂಡರು. ಆದುದರಿಂದಲೇ ಊರು ಹಳೆಯದಾದರೂ ಇಂದು ಉಳಿದಿರುವ ಪ್ರಮುಖ ಮನೆಗಳು 1790ರಿಂದ ಈಚಿನವು. ಆಗ ಆ ಪ್ರದೇಶ ಸ್ಪೇನಿನ ಆಳ್ವಿಕೆಯಲ್ಲಿತ್ತು. ಜನರ ಭಾಷೆ ಮತ್ತು ಮನೆ ಕಟ್ಟುವ ಪದ್ಧತಿ ಮಾತ್ರ ಫ್ರೆಂಚ್ ಆಗಿಯೇ ಉಳಿದವು. 1803ರ ಲೂಯಿಸಿಯಾನ ಖರೀದಿಯಿಂದ ಅದು ಅಮೇರಿಕಕ್ಕೆ ಸೇರಿತು.

ನಿರ್ಮಾಣ ವಿಧಾನ

ಅಮೇರಿಕದ ಮರದ ಮನೆ ಎಂದೊಡನೆ ನೆನಪಾಗುವುದು ಅಡ್ಡಲಾಗಿ ಪೇರಿಸಿದ ದಿಮ್ಮಿಗಳು. ಇಲ್ಲಿನ ಫ್ರೆಂಚರು ದಿಮ್ಮಿಗಳನ್ನು ನೆಟ್ಟಗೆ ನಿಲ್ಲಿಸಿದರು. ಇದರಲ್ಲಿ ಎರಡು ಬಗೆ. 'ಪೊತೊ ಆಂ ತೆರ್' ವಿಧಾನದಲ್ಲಿ ಕಂಬಗಳ ಬುಡವನ್ನು ನೇರವಾಗಿ ಮಣ್ಣಿನಲ್ಲಿ ಹೂಳುತ್ತಿದ್ದರು. 'ಪೊತೊ ಸುರ್ ಸೋಲ್' ವಿಧಾನದಲ್ಲಿ ಕಲ್ಲಿನ ತಳಪಾಯದ ಮೇಲೆ ಮಲಗಿಸಿದ ತೊಲೆಗೆ ಕಂಬಗಳನ್ನು ಜೋಡಿಸುತ್ತಿದ್ದರು. ಕಂಬಗಳ ನಡುವಿನ ಸಂದುಗಳಿಗೆ ಹುಲ್ಲು ಬೆರೆಸಿದ ಜೇಡಿಮಣ್ಣನ್ನೋ ಕಲ್ಲು ಮತ್ತು ಗಾರೆಯನ್ನೋ ತುಂಬಿ, ಮೇಲೆ ಸುಣ್ಣ ಬಳಿಯುತ್ತಿದ್ದರು. ಕಡಿದಾದ ಮಾಡು, ಮನೆಯ ಹೊರಬದಿಗೆ ಅಗಲವಾದ ಜಗಲಿ. ಈ ಜಗಲಿ ಬಿಸಿಲಿಗೆ ಮರೆಯಾದಂತೆ ಮಳೆನೀರಿನಿಂದ ಗೋಡೆಯನ್ನೂ ಕಾಯುತ್ತಿತ್ತು. ಮಣ್ಣಿನಲ್ಲಿ ಹೂತ ಮರ ತೇವಕ್ಕೂ ಗೆದ್ದಲಿಗೂ ಬೇಗ ತುತ್ತಾಗುವುದರಿಂದ ಮೊದಲ ಬಗೆಯ ಮನೆಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಅವುಗಳಲ್ಲಿ ಮೂರು ಈ ಪುಟ್ಟ ಊರಿನಲ್ಲಿರುವುದು ಗಮನಾರ್ಹ.

ಪ್ರಮುಖ ಮನೆಗಳು

ವರ್ತಕ ಲೂಯಿ ಬೋಲ್ಡುಕ್‌ನ ಮನೆ ಎರಡನೆಯ ಬಗೆಗೆ ಉತ್ತಮ ನಿದರ್ಶನ. 1950ರ ದಶಕದಲ್ಲಿ ಇದರ ಜೀರ್ಣೋದ್ಧಾರವಾಯಿತು. 'ಗ್ರೀನ್ ಟ್ರೀ ಟ್ಯಾವರ್ನ್' 1790ರದು. ಅಮೊರೂ ಮನೆ ಮಣ್ಣಿನಲ್ಲಿ ಕಂಬ ಹೂಳಿದ ಬಗೆಯದು. ಗುಲಾಮಳಾಗಿ ಹುಟ್ಟಿ ಸ್ವಾತಂತ್ರ್ಯ ಪಡೆದ ಪೆಲಾಜಿ ಅಮೊರೂ 19ನೆಯ ಶತಮಾನದಲ್ಲಿ ಕುಟುಂಬದೊಡನೆ ಇಲ್ಲಿ ವಾಸವಾಗಿದ್ದಳು. ಉಳ್ಳವರ ಹೆಸರಿನ ಮನೆಗಳೇ ಹೆಚ್ಚಾಗಿರುವ ಊರಿನಲ್ಲಿ ಈ ಮನೆಯ ಚರಿತ್ರೆಗೆ ಬೇರೆಯೇ ಮಹತ್ವವಿದೆ.

ಸಂರಕ್ಷಣೆ

1960ರಲ್ಲಿ ಊರಿನ ಹಳೆಯ ಭಾಗಕ್ಕೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮಾನ್ಯತೆ ದೊರೆಯಿತು. 1993ರಲ್ಲಿ ಮಿಸಿಸಿಪ್ಪಿ ಮತ್ತೆ ಉಕ್ಕಿದಾಗ ನಿವಾಸಿಗಳೂ ಸ್ವಯಂಸೇವಕರೂ ಮರಳಿನ ಚೀಲಗಳ ತಡೆಗೋಡೆ ಕಟ್ಟಿ ಹಳೆಯ ಮನೆಗಳ ರಕ್ಷಣೆಗೆ ಹೋರಾಡಿದರು. ಆ ಬಳಿಕ ಶಾಶ್ವತ ಏರಿ ನಿರ್ಮಾಣವಾಯಿತು. 2020ರಲ್ಲಿ ಇಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಸ್ಥಾಪನೆಯಾಗಿ, ಕೆಲವು ಮನೆಗಳು ರಾಷ್ಟ್ರೀಯ ಉದ್ಯಾನ ಸೇವೆಯ ಆಡಳಿತಕ್ಕೆ ಬಂದಿವೆ. ಹಲವು ಹಳೆಯ ಮನೆಗಳು ಖಾಸಗಿ ಒಡೆತನದಲ್ಲಿಯೇ ಇದ್ದು, ಅವುಗಳಲ್ಲಿ ಇಂದಿಗೂ ಜನವಾಸವಿದೆ.