ತೋಟದಲ್ಲಿ ಟೆಲಿಸ್ಕೋಪ್, ಕೈಯಲ್ಲಿ ಲ್ಯಾಪ್‌ಟಾಪ್

ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನ ನಡೆಸೋರು ಕೂರೋದು ಎಲ್ಲಿ ಗೊತ್ತಾ? ನಮ್ಮ ಹೊಸಕೋಟೆಯಲ್ಲಿ! ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ.

ಚನ್ನಪಟ್ಟಣದ ತೋಟದಲ್ಲಿ ಟೆಲಿಸ್ಕೋಪ್ ಇಟ್ಟೋರಿಗೂ ಇದು ಸಾಧ್ಯ. ಟೆಲಿಸ್ಕೋಪ್ ಪಕ್ಕ ಒಂದು ಚಿಕ್ಕ ಕಂಪ್ಯೂಟರ್, ಅದರ ಪರದೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ.

ಯಾವ ಸಾಫ್ಟ್‌ವೇರ್? ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಪ್ರೊ ಇದ್ರೆ, ಅದರಲ್ಲೇ ಬರೋ ರಿಮೋಟ್ ಡೆಸ್ಕ್‌ಟಾಪ್ ಸಾಕು. ವಿಂಡೋಸ್ ಹೋಮ್‌ನಲ್ಲಿ ಆ ಸೌಲಭ್ಯ ಇಲ್ಲ. ಆಗ ಎನಿಡೆಸ್ಕ್, ರಸ್ಟ್‌ಡೆಸ್ಕ್ ಥರದ್ದು ಹಾಕಿ. ರಾಸ್‌ಬೆರಿ ಪೈ ಆದ್ರೆ ವಿಎನ್‌ಸಿ.

ನೀವು ಬೆಂಗಳೂರಲ್ಲಿ, ಟೆಲಿಸ್ಕೋಪ್ ತೋಟದಲ್ಲಿ ಅಂದ್ರೆ? ದಯವಿಟ್ಟು ರೂಟರ್‌ನಲ್ಲಿ ಪೋರ್ಟ್ ತೆರೆದಿಡಬೇಡಿ. ಪಾಸ್‌ವರ್ಡ್ ಊಹಿಸೋ ದಾಳಿಗಳು ಹಗಲೂ ರಾತ್ರಿ ನಡೀತಾನೇ ಇರ್ತವೆ. ಟೇಲ್‌ಸ್ಕೇಲ್‌ನಂಥ ವಿಪಿಎನ್ ಬಳಸಿ. ಮೊಬೈಲ್ ಡೇಟಾದಲ್ಲೂ ಅದು ನಡೆಯುತ್ತೆ.

ನನ್ನ ಪ್ರಕಾರ ಸಾಫ್ಟ್‌ವೇರ್ ಹೆಸರಿಗಿಂತ ಮುಖ್ಯವಾದದ್ದು ಇದು: ಫೋಟೋ ತೆಗೆಯೋದು, ಗೈಡಿಂಗ್, ಫೈಲ್ ಉಳಿಸೋದು, ಎಲ್ಲಾ ಟೆಲಿಸ್ಕೋಪ್ ಪಕ್ಕದ ಕಂಪ್ಯೂಟರ್‌ನಲ್ಲೇ ಆಗಲಿ. ಆಗ ನಡುರಾತ್ರಿ ನೆಟ್ ಹೋದ್ರೂ ಕ್ಯಾಮೆರಾ ನಿಲ್ಲಲ್ಲ. ನೀವು ನೋಡ್ತಿರೋ ಪರದೆ ಮಾತ್ರ ಹೋಗುತ್ತೆ, ಅಷ್ಟೇ.

ಆ ಕಂಪ್ಯೂಟರ್‌ಗೆ ಮಾನಿಟರ್ ಇಲ್ವಾ? ಒಂದು ಎಚ್‌ಡಿಎಂಐ ಡಮ್ಮಿ ಪ್ಲಗ್ ಸಿಕ್ಕಿಸಿ. ಇಲ್ಲಾಂದ್ರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಬರೀ ಕಪ್ಪು ಪರದೆ ಕಾಣುತ್ತೆ. ಕರೆಂಟ್ ಹೋದ್ರೆ ಅಂತ ಯುಪಿಎಸ್ ಇರಲಿ.

ಹಾಂ, ದಿಢೀರ್ ಮಳೆ ಬಂದ್ರೆ ಓಡಿಹೋಗಿ ಟಾರ್ಪಾಲ್ ಹೊದಿಸೋಕೆ ತೋಟದ ಹತ್ತಿರ ಇರೋ ಒಬ್ಬರಿಗೆ ಮೊದಲೇ ಹೇಳಿಟ್ಟಿರಿ.